ಮೀನು ಒಣಗಿಸುವ ಜಾಗದಲ್ಲಿ ಗೋಲು ಕಂಬ

"ಹ್ವಾಯ್, ಇದ್ ಮೀನ್ ಒಣ್ಸು ಜಾಗ. ನಾವ್ ಎಲ್ಲಿಗ್ ಹೋಪ್ದ್?"

ಕೋಡಿ ಕಡಲತೀರದಲ್ಲಿ ಗೋಲು ಕಂಬ ನೆಡಲು ಬಂದ ನಮ್ಮನ್ನು ಮೀನು ಮಾರುವ ಗಿರಿಜಕ್ಕ ತಡೆದರು. ತಂಡಕ್ಕೆ ಐವರಂತೆ ಆಡುವ ಫುಟ್‌ಬಾಲ್ ಬೆಳೆಸಲು ನಮ್ಮ ಫುಟ್‌ಬಾಲ್ ಸಂಸ್ಥೆ ಮೀನುಗಾರರ ಸಂಘದೊಂದಿಗೆ ಕೈಜೋಡಿಸಿತ್ತು. ಇಲ್ಲಿ ಮೀನು ಒಣಗಿಸುವ ಹೆಂಗಸರನ್ನು ಮಾತ್ರ ಯಾರೂ ಕೇಳಿರಲಿಲ್ಲ. ನಮ್ಮ ಕಾರ್ಯದರ್ಶಿ ಸಂಘದ ಅನುಮತಿಯಿದೆ ಎಂದು ಗದರಿ, ಅಗೆಯಲು ಹೇಳಿದರು. ತೋಡಿದ ಗುಂಡಿಯಲ್ಲೇ ಗಿರಿಜಕ್ಕ ಕುಳಿತುಬಿಟ್ಟರು. ಉಳಿದ ಹೆಂಗಸರು ಸುತ್ತುವರಿದರು. ತರಬೇತುದಾರಳಾದ ನಾನು ಗಿರಿಜಕ್ಕನ ಪಕ್ಕ ಕುಳಿತು, "ಜಾಗ ಖಾಲಿ ಆಪ್ದ್ ಯಾವಾಗ, ಅಕ್ಕ?" ಎಂದೆ.

ಅವರು ನನ್ನನ್ನೇ ದಿಟ್ಟಿಸಿದರು. "ಮೀನ್ ಹೆಕ್ಕಿದ್ ಮೇಲೆ, ಸಂಜಿಗ್ ಆಡಿ. ಆರೆ ನಮ್ ಹೆಣ್ಮಕ್ಳನ್ನೂ ಸೇರ್ಸ್ಕಣ್ಕ್."

ಮರುವಾರ ಆಟ ಮುಗಿದ ಮೇಲೆ ಎತ್ತಿಡಬಹುದಾದ ಗೋಲು ಕಂಬಗಳನ್ನು ತಂದೆವು, ಅವರ ಹುಡುಗಿಯರೂ ಆಡಲು ಬಂದರು. ಈಗ ಬೈಂದೂರಿನಲ್ಲಾಗಲಿ ಬೀಜಾಡಿಯಲ್ಲಾಗಲಿ ಆಟಕ್ಕೆ ಜಾಗ ನೋಡಲು ಹೋದರೆ, ಸಂಘದ ಅಧ್ಯಕ್ಷರಿಗಿಂತ ಮೊದಲು ಅಲ್ಲಿ ದುಡಿಯುವ ಹೆಂಗಸರನ್ನು ಮಾತಾಡಿಸುತ್ತೇನೆ.