ಕೆಂಪಿಯ ಗೃಹಪ್ರವೇಶ

ಹೋದ ತಿಂಗಳು ಪಾಂಡವಪುರದ ಹೊಸ ಬಡಾವಣೆಯಲ್ಲಿ ಗೃಹಪ್ರವೇಶಕ್ಕೆ ಬಂದ ಹಸುವೊಂದು ನಡುಮನೆಯಲ್ಲೇ ಮಲಗಿಬಿಟ್ಟಿತು. ಎಬ್ಬಿಸಿದರೆ ಏಳಲಿಲ್ಲ. ಆ ಹಸುವನ್ನು ಶಿಫಾರಸು ಮಾಡಿದವಳು ನಾನು!

ಮೊದಲಿನಿಂದ ಹೇಳುತ್ತೇನೆ. ಕಿರಂಗೂರಿನ ನನ್ನ ಅಣ್ಣನ ಮಗಳು ಸಿಂಚನಾ ಮೈಸೂರಿನಲ್ಲಿ ಎಂಬಿಎ ಓದುತ್ತಿದ್ದಾಳೆ. ಈ ಸೆಮಿಸ್ಟರಿನಲ್ಲಿ ಉದ್ಯಮಶೀಲತೆ ಅಂತ ಒಂದು ಪೇಪರು. ಬರೀ ಬರೆದು ಪಾಸಾಗುವ ಹಾಗಿಲ್ಲ. ನಿಜವಾದ ಬಿಸಿನೆಸ್ ಶುರು ಮಾಡಿ, ನಿಜವಾದ ಗಿರಾಕಿಯನ್ನು ಹಿಡಿದು ತೋರಿಸಬೇಕು. ಅವಳ ಗೆಳತಿಯರು ಪರಿಮಳದ ಮೇಣದಬತ್ತಿ, ಕಿವಿಯೋಲೆ, ಕಪ್ ಕೇಕ್ ಅಂತ ಹೊರಟರು. (ಮೇಣದಬತ್ತಿಯನ್ನು ಮೂಸಿ ನೋಡಿ ಕೊಳ್ಳುವ ಕಾಲ ಬಂತಾ?)

ಸಿಂಚನಾ ಮನೆಯ ಕೊಟ್ಟಿಗೆ ಕಡೆ ನೋಡಿದಳು. ಅಲ್ಲಿ ಕೆಂಪಿ ಇದ್ದಳು, ಅವಳ ಕರು ಇತ್ತು. ಪೇಟೆಯಲ್ಲಿ ಮನೆ ಕಟ್ಟಿಸಿದವರಿಗೆ ಮೊದಲು ಒಳಗೆ ಕರೆಸಲು ಕರು ಸಮೇತ ನಾಟಿ ಹಸು ಬೇಕು. ಸಿಗುವುದಿಲ್ಲ. ಸಿಂಗರಿಸಿ ಕರೆತರೋಣ! ಗೂಡ್ಸ್ ಆಟೋ, ಕೊಂಬಿಗೆ ಹೂವು, ಎಲ್ಲ ಸೇರಿ ಪ್ಯಾಕೇಜು.

ಅಣ್ಣ ಕೇಳಿ ಕೆಂಡವಾದ. ಮಗಳು ಮ್ಯಾನೇಜರ್ ಆಗುತ್ತಾಳೆ ಅಂತ ಡೈರಿಗೆ ಹಾಲು ಹಾಕಲು ಬರುವವರಿಗೆಲ್ಲ ಹೇಳಿಕೊಂಡಿದ್ದವನು ಅವನು.

"ಎಂಬಿಎ ಓದ್ಸಿದ್ದು ಹಸ ಹಿಡ್ಕಂಡು ಮನೆ ಮನೆ ತಿರುಗ್ಲಿ ಅಂತಲೇನವ್ವ?" ಅಂದವನು ಮಗಳ ಜೊತೆ ಮಾತೇ ಬಿಟ್ಟ. ಹಸುವನ್ನು ಮಾತ್ರ ತಡೆಯಲಿಲ್ಲ. (ತಡೆಯಲು ಅತ್ತಿಗೆ ಬಿಡಲಿಲ್ಲ ಅನ್ನುವುದು ಒಳಗಿನ ಸುದ್ದಿ.)

ಮೊದಲ ಗಿರಾಕಿಯನ್ನು ನಾನೇ ಹುಡುಕಿಕೊಟ್ಟೆ. ನನ್ನ ಜೊತೆ ಶಾಲೆಯಲ್ಲಿ ಪಾಠ ಮಾಡುವ ಪುಷ್ಪಾ, ಪಾಂಡವಪುರದಲ್ಲಿ ಮನೆ ಕಟ್ಟಿಸಿದ್ದಳು.

ಆ ದಿನ ಬೆಳಗ್ಗೆ ಎಲ್ಲವೂ ಚೆನ್ನಾಗಿತ್ತು. ಟೈಲ್ಸ್ ಮೇಲೆ ಕಾಲು ಜಾರದಿರಲಿ ಅಂತ ಸಿಂಚನಾ ಬಾಗಿಲಿಂದಲೇ ಜಮಖಾನ ಹಾಸಿದ್ದಳು. ಕೆಂಪಿ ಗಂಭೀರವಾಗಿ ಒಳಬಂದಳು. ಆರತಿ ಎತ್ತಿಸಿಕೊಂಡಳು. ಅಕ್ಕಿ, ಬೆಲ್ಲ ತಿಂದಳು. ಜಮಖಾನ ಹಿತವಾಯಿತೋ ಏನೋ, ಕಾಲು ಮಡಚಿ ಮಲಗಿ ಮೆಲುಕು ಹಾಕತೊಡಗಿದಳು.

ಹೋಮ ಅಲ್ಲೇ ಆಗಬೇಕು. ಎಳೆದು ಎಬ್ಬಿಸೋಣವೆಂದರೆ ಪುರೋಹಿತರು ಬಿಡಲಿಲ್ಲ. ಮನೆಗೆ ಬಂದ ಲಕ್ಷ್ಮಿಯನ್ನು ಯಾರಾದರೂ ಓಡಿಸುತ್ತಾರಾ, ತಾನಾಗೇ ಏಳಲಿ ಅಂದರು. ಸಿಂಚನಾ ದೂರದಿಂದ ಹುಲ್ಲು ತೋರಿಸಿದಳು. ಕೆಂಪಿ ಅತ್ತ ನೋಡಲೂ ಇಲ್ಲ. ನೆಂಟರು ಒಬ್ಬೊಬ್ಬರಾಗಿ ಬಂದು ಸೆಲ್ಫಿ ತೆಗೆದುಕೊಂಡರು. ಪುಷ್ಪಾ ನನ್ನ ಕಿವಿಯಲ್ಲಿ ಕೇಳಿದಳು, "ಅಲ್ಲ ಕಣಕ್ಕ, ಇವ್ಳು ಬಂದು ಓಗೋಕ್ ಬಂದವ್ಳಾ, ವಾಸಕ್ಕೇ ಬಂದವ್ಳಾ?"

ಸಿಂಚನಾಳ ಕಣ್ಣಲ್ಲಿ ನೀರು. ಕೊನೆಗೆ ಮಾತು ಬಿಟ್ಟಿದ್ದ ಅಪ್ಪನಿಗೇ ಫೋನು ಮಾಡಿದಳು. ಅವನು ಎಲ್ಲ ಕೇಳಿಸಿಕೊಂಡು ಕಟ್ ಮಾಡಿದ.

ಸ್ವಲ್ಪ ಹೊತ್ತಿಗೆ ಬೈಕಿನ ಸದ್ದು. ಅಣ್ಣ ಗದ್ದೆಯಿಂದ ನೇರ ಬಂದಿದ್ದ, ಲುಂಗಿಯಲ್ಲಿ ಕೆಸರು. ಒಳಗೆ ಬರಲು ಸಂಕೋಚ. ಗೇಟಿನಲ್ಲೇ ನಿಂತು, ಹಾಲು ಕರೆಯುವ ಹೊತ್ತಿನಲ್ಲಿ ಮಾತಾಡಿಸುವ ಹಾಗೆ ಕರೆದ.

"ಬಾರವ್ವ ಕೆಂಪಿ, ಮನೆಗೋಗನ."

ಕೆಂಪಿಯ ಕಿವಿ ತಿರುಗಿತು. ಎದ್ದಳು. ಧಾರಾಳವಾಗಿ ಸಗಣಿ ಹಾಕಿ (ಪುರೋಹಿತರಿಗೆ ಪರಮಾನಂದ), ಕರುವಿನ ಜೊತೆ ಆಚೆ ನಡೆದಳು.

ಅಣ್ಣನೂ ಹೊರಟಿದ್ದ. ಪುಷ್ಪಾಳ ಗಂಡ ಬಿಡಲಿಲ್ಲ. ಮೊದಲ ಪಂಕ್ತಿಯಲ್ಲಿ ಕೂರಿಸಿ ಹೋಳಿಗೆ ಬಡಿಸಿದರು. ಪಕ್ಕದ ಎಲೆಯವರು, ಮುಂದಿನ ತಿಂಗಳು ನಮ್ಮ ಮನೆಯದ್ದಿದೆ, ನಿಮ್ಮ ಹಸು ಸಿಗುತ್ತಾ ಅಂತ ವಿಚಾರಿಸಿದರು. ಅಣ್ಣ ಮಗಳ ಕಡೆ ನೋಡಿದ.

"ನನ್ನೇನ್ ಕೇಳೀರಿ? ಮ್ಯಾನೇಜರು ಅವ್ಳು," ಅಂದ.

ಸಿಂಚನಾಳ ಪಠ್ಯಪುಸ್ತಕ ತಿರುವಿ ನೋಡಿದೆ. ಬಂಡವಾಳ ಹುಡುಕುವುದು, ಗಿರಾಕಿಯನ್ನು ಒಲಿಸುವುದು, ಎಲ್ಲ ಇದೆ. ಅಪ್ಪನನ್ನು ಒಲಿಸುವುದಕ್ಕೊಂದು ಅಧ್ಯಾಯ ಬೇಡವೇ? ನಮ್ಮ ಕಡೆ ಎಷ್ಟು ಅಂಗಡಿಗಳು ಬಾಗಿಲು ತೆರೆಯುವ ಮೊದಲೇ 'ನೋಡಿದವರು ಏನಂತಾರೆ' ಅನ್ನುವ ಒಂದೇ ಮಾತಿಗೆ ಮುಚ್ಚಿಹೋಗಿಲ್ಲ?

ಮೊನ್ನೆ ವೈವಾ ಇತ್ತು. ಮೇಡಂ ಎಲ್ಲರನ್ನೂ ಕೇಳಿದಂತೆ ಇವಳನ್ನೂ ಕೇಳಿದರಂತೆ: ನಿಮ್ಮ ಎಕ್ಸಿಟ್ ಪ್ಲಾನ್ ಏನು? (ಅಂದರೆ, ಇಳಿದ ವ್ಯವಹಾರದಿಂದ ಸುಸೂತ್ರವಾಗಿ ಹೊರಬರುವ ದಾರಿ.)

ಸಿಂಚನಾ ಯೋಚಿಸಲೇ ಇಲ್ಲವಂತೆ.

"ನಮ್ಮಪ್ಪ, ಮೇಡಂ."