ಬಸಣ್ಣನ ಸುತ್ತಿಗೆಗೆ ಸೋತ ನನ್ನ ಲೇತು

ಕೇಳಿರಯ್ಯಾ ಗೆಳೆಯರೇ, ಇಂದು ಚನ್ನಗಿರಿಯ ನನ್ನ ಲೇತ್ ವರ್ಕ್‌ಶಾಪಿನಲ್ಲಿ ಮಹಾಯುದ್ಧವೇ ನಡೆಯಿತು! ಹೋದ ತಿಂಗಳು ತೀರಿಕೊಂಡ ನಲ್ಲೂರಿನ ಕಮ್ಮಾರ ಬಸಣ್ಣನ ಹೆಂಡತಿ ಗೌರಕ್ಕ ಅವನ ಸುತ್ತಿಗೆ ತಂದಿದ್ದರು.

“ಇನ್ಮೇಲೆ ಕುಲುಮೆ ನಾನೇ ನಡೆಸ್ಬೇಕಣ್ಣ. ಇದನ್ನ ಎತ್ತಾಕೆ ಆಗಲ್ಲ, ಸ್ವಲ್ಪ ಹಗುರ ಮಾಡಿಕೊಡ್ರಿ.”

ಬಸಣ್ಣ ತಾನೇ ಕಾಯಿಸಿ ಹದ ಕೊಟ್ಟ ಉಕ್ಕು ಅದು. ಲೇತಿಗೆ ಕಟ್ಟಿ ಕಡೆಯಲು ಹೋದರೆ, ಉಕ್ಕು ಕೊರೆಯುವ ನನ್ನ ಮೂರು ಟೂಲುಗಳ ಮೊನೆಗಳು ಒಂದೊಂದಾಗಿ ಸವೆದುಹೋದವು. ಸುತ್ತಿಗೆಗೆ ಬಿದ್ದದ್ದು ಬರೀ ಗೀರು.

“ಕೆಂಪಗೆ ಕಾಯಿಸಿ ಬೂದ್ಯಾಗೆ ಆರಿಸಿದ್ರೆ ಮೆತ್ತಗಾಗ್ತೈತೆ ಗೌರಕ್ಕ. ಆದ್ರೆ ಮತ್ತೆ ಅದೇ ಹದ ಕೊಡಾಕೆ ಬಸಣ್ಣನೇ ಬರ್ಬೇಕು,” ಎಂದೆ.

ಅವರು ಸುತ್ತಿಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡರು.

“ಹಂಗಾದ್ರೆ ಬಿಡ್ರಿ. ನನ್ನ ಕೈಯೇ ಗಟ್ಟಿ ಆಗ್ಲಿ.”

ನಾಟಕವಾಗಿದ್ದರೆ ಇಲ್ಲಿ ಪರದೆ ಬೀಳುತ್ತಿತ್ತು. ನಮ್ಮ ಶೆಡ್ಡಿಗೆ ಪರದೆ ಎಲ್ಲಿಂದ ಬರಬೇಕು? ಗಿರಾಕಿಗಳ ಎದುರೇ ನಾನು ಅಳಬೇಕಾಯಿತು.