ನಾಗೇಂದ್ರಪ್ಪನವರ ಬಲಗಣ್ಣು

ನಾಗೇಂದ್ರಪ್ಪನವರ ಬಲಗಣ್ಣು ಹೋದದ್ದು ನನ್ನಿಂದ. ಕಾಯಿಲೆಯಿಂದ, ವೈದ್ಯರಿಂದ, ಅವರ ಹಣೆಬರಹದಿಂದ ಎಂದು ಯಾರು ಏನೇ ಹೇಳಲಿ — ನನ್ನಿಂದ. ಅವರ ಕಣ್ಣಗುಡ್ಡೆಯ ಮೇಲ್ಪೊರೆಯಿಂದ ಕೆರೆದು ತೆಗೆದ ಸ್ಯಾಂಪಲ್ಲಿನಲ್ಲಿ ಹರ್ಪಿಸ್ ವೈರಸ್ ಇತ್ತು. ಇದೆ ಎಂದು ಯಂತ್ರ ತೋರಿಸಿತು. ಇಲ್ಲ ಎಂದು ನಾನು ಬರೆದೆ. ಕೈತಪ್ಪಿ ಬರೆದದ್ದಲ್ಲ. ಮನಸ್ಸಿಟ್ಟು ಬರೆದದ್ದು.

ನಾನು ಹಾಸನದ ಒಂದು ಖಾಸಗಿ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದೆ. ಕೊರೊನಾ ಕಾಲದಲ್ಲಿ ತರಿಸಿದ ಪಿಸಿಆರ್ ಯಂತ್ರ ಆಮೇಲೆ ಬೇರೆ ವೈರಸ್ಸುಗಳನ್ನು ಹುಡುಕಲು ಬಳಕೆಯಾಗುತ್ತಿತ್ತು. ಊರಿನ ಕಣ್ಣಿನ ವೈದ್ಯರು ಅನುಮಾನ ಬಂದಾಗ ಸ್ಯಾಂಪಲ್ ಕಳಿಸುತ್ತಿದ್ದರು. ವೈರಸ್ ಇದ್ದರೆ ಪರದೆಯ ಮೇಲೆ ಒಂದು ಗೆರೆ ಮೆಲ್ಲಗೆ ಮೇಲೇಳುತ್ತದೆ, ಇಲ್ಲದಿದ್ದರೆ ಮಲಗಿಯೇ ಇರುತ್ತದೆ. ನೋಡಿ ಬರೆಯುವವಳು ನಾನು, ಸಹಿ ಹಾಕುವವರು ನಮ್ಮ ಡಾಕ್ಟರ್ ಮೇಡಂ. ಅವರಿಗೆ ನನ್ನ ಮೇಲೆ ಪೂರ್ತಿ ನಂಬಿಕೆ.

ಮೊದಲು ನನ್ನವ್ವನ ಕಣ್ಣಿನ ವಿಷಯ ಹೇಳಬೇಕು. ಸಮರ್ಥನೆಗಲ್ಲ — ಅಥವಾ ಸಮರ್ಥನೆಗೇ ಇರಬಹುದು, ಓದುವ ನೀವೇ ನೋಡಿ.

ನಾವು ಹರದನಹಳ್ಳಿ ಕಡೆಯವರು. ಅಪ್ಪ ತೀರಿಕೊಂಡ ಮೇಲೆ ಅವ್ವ ರವಿಕೆ ಹೊಲಿದು ನನ್ನನ್ನು ಓದಿಸಿದಳು. ನಾನು ಪಿಯುಸಿಯಲ್ಲಿದ್ದಾಗ ಅವಳ ಎಡಗಣ್ಣು ಕೆಂಪಾಗಿ ನೀರು ಸುರಿಯತೊಡಗಿತು. ಹೊಳೆನರಸೀಪುರದಲ್ಲಿ ನಾಗೇಂದ್ರಪ್ಪನವರ ಔಷಧಿ ಅಂಗಡಿ. ಸುತ್ತಲ ಹಳ್ಳಿಯವರೆಲ್ಲ ಅವರನ್ನು 'ಡಾಕ್ಟ್ರೇ' ಎಂದೇ ಕರೆಯುತ್ತಿದ್ದರು, ಅವರೂ ಓಗೊಡುತ್ತಿದ್ದರು. ಚೀಟಿ ಗೀಟಿ ಕೇಳದೆ ಹಾಲಿನಂಥ ಬಿಳಿ ಡ್ರಾಪ್ಸ್ ಕೊಟ್ಟರು. ಕೆಂಪು ಬೇಗನೆ ಇಳಿಯಿತು. ಅವ್ವ ಅವರಿಗೆ ಒಳ್ಳೆಯದಾಗಲಿ ಎಂದು ಹರಸಿದಳು. ಮತ್ತೆ ನೋವು ಬಂದಾಗ ಅದೇ ಡ್ರಾಪ್ಸ್. ಮತ್ತೆ ಅದೇ. ಅದು ಸ್ಟೀರಾಯ್ಡ್ ಎಂದೂ, ವೈರಸ್ ಇರುವ ಕಣ್ಣಿಗೆ ಅದನ್ನು ಬರಿದೇ ಹಾಕಿದರೆ ಉರಿಯುವ ಬೆಂಕಿಗೆ ಎಣ್ಣೆ ಹೊಯ್ದಂತೆ ಎಂದೂ ನನಗೆ ಗೊತ್ತಾದದ್ದು ಲ್ಯಾಬ್ ಕೋರ್ಸ್ ಓದುವಾಗ. ಅಷ್ಟರಲ್ಲಿ ಅವ್ವನ ಎಡಗಣ್ಣಿನ ನಡುವೆ ಬಿಳಿ ಕಲೆ ಕೂತು ವರ್ಷಗಳೇ ಆಗಿದ್ದವು. ಸೂಜಿಗೆ ದಾರ ಪೋಣಿಸುವಾಗ ಅವಳ ಕೈ ಸೂಜಿಯ ಪಕ್ಕದ ಗಾಳಿಯನ್ನು ಚುಚ್ಚುತ್ತಿತ್ತು.

ಕಣ್ಣು ಹೋದದ್ದನ್ನಾದರೂ ನಾನು ಮರೆಯುತ್ತಿದ್ದೆನೇನೋ. ಆದರೆ ಡ್ರಾಪ್ಸಿನ ವಿಷಯ ಗೊತ್ತಾದ ಮೇಲೆ ಒಂದು ದಿನ ಅಂಗಡಿಯ ಮುಂದೆ ನಿಂತು, ಯಾಕೆ ಹೀಗೆ ಮಾಡಿದಿರಿ ಎಂದು ನಾವಿಬ್ಬರೂ ಕೇಳಿದಾಗ ನಾಗೇಂದ್ರಪ್ಪ ಗಿರಾಕಿಗಳ ಕಡೆ ತಿರುಗಿ ಹೇಳಿದ್ದು — "ಯಾವ್ದೋ ಸೊಪ್ಪಿನ್ ರಸ ಬುಟ್ಕೊಂಡು ಕಣ್ ಕಳ್ಕೊಂಡವ್ಳೆ, ಈಗ ನನ್ ಮೇಲಾಕ್ತಾವ್ಳೆ ನೋಡ್ರಪ್ಪ."

ಜನ ನಕ್ಕರು. ಅವ್ವ ಯಾವ ಸೊಪ್ಪಿನ ರಸವನ್ನೂ ಮುಟ್ಟಿದವಳಲ್ಲ. ಬಸ್ಸಿನಲ್ಲಿ ಊರು ತಲುಪುವವರೆಗೂ ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಆ ನಗು ನನ್ನ ಜೊತೆಗೇ ಬೆಳೆಯಿತು. ನನಗೆ ಕೆಲಸ ಸಿಕ್ಕಿ ಅವ್ವನನ್ನು ಹಾಸನಕ್ಕೆ ಕರೆತಂದ ಮೇಲೂ ಅದು ಮನೆಯ ಮೂರನೆಯ ಜೀವದಂತೆ ನಮ್ಮೊಡನೆ ಇತ್ತು.

ಹಾಗಿರುವಾಗ ಒಂದು ಬೆಳಿಗ್ಗೆ ಸ್ಯಾಂಪಲ್ ಟ್ಯೂಬಿನ ಮೇಲೆ ಆ ಹೆಸರು ಕಂಡಿತು. ಅದೇ ಊರು, ಹೊಂದುವ ವಯಸ್ಸು. ಖಚಿತಪಡಿಸಿಕೊಳ್ಳಲು ಹೊರಗೆ ಬಂದೆ. ಕಪ್ಪು ಕನ್ನಡಕ ಹಾಕಿಕೊಂಡು, ಪಕ್ಕದಲ್ಲಿ ಮಗಳನ್ನು ಕೂರಿಸಿಕೊಂಡು ಅವರೇ ಬೆಂಚಿನ ಮೇಲಿದ್ದರು. ನನ್ನ ಗುರುತು ಹತ್ತಲಿಲ್ಲ. ಜೋಳದ ಒಕ್ಕಣೆ ಮಾಡಿಸುವಾಗ ಹೊಟ್ಟು ಕಣ್ಣಿಗೆ ಹಾರಿತ್ತಂತೆ. ತಮ್ಮ ಅಂಗಡಿಯದೇ ಡ್ರಾಪ್ಸ್ ಹಾಕಿಕೊಂಡು ನೋಡಿ, ಕೊನೆಗೆ ಹಾಸನಕ್ಕೆ ಬಂದಿದ್ದರು. ಇದು ಹೊಟ್ಟಿನಿಂದ ಬಂದ ಶಿಲೀಂಧ್ರವೋ ವೈರಸ್ಸೋ ಕಣ್ಣು ನೋಡಿ ಹೇಳಲಾಗದೆ, ಶಿಲೀಂಧ್ರದ ಔಷಧಿ ಶುರುಮಾಡಿ, ವೈದ್ಯರು ಪರೀಕ್ಷೆಗೆ ಕಳಿಸಿದ್ದರು.

"ಬ್ಯಾಗ ಮಾಡ್ಕೊಡವ್ವ, ಕಣ್ಣಿನ್ ವಿಷ್ಯ," ಎಂದರು. ಮೆತ್ತಗೆ, ತಗ್ಗಿ. ಅವ್ವನೂ ಒಂದು ಕಾಲಕ್ಕೆ ಅವರ ಮುಂದೆ ಹೀಗೆಯೇ ತಗ್ಗಿ ನಿಂತಿದ್ದಳು.

ಪರೀಕ್ಷೆಯನ್ನು ನಾನು ತುಂಬಾ ಶ್ರದ್ಧೆಯಿಂದ ಮಾಡಿದೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ — ಅಷ್ಟು ಚೊಕ್ಕವಾಗಿ ನಾನು ಯಾರ ಪರೀಕ್ಷೆಯನ್ನೂ ಮಾಡಿರಲಿಲ್ಲ. ಗೆರೆ ಎದ್ದಿತು. ಏರಿತು. ಅದು ಏರುವಾಗ ನನಗಾದದ್ದು ಸಂಕಟವಲ್ಲ, ಸಂತೋಷ. ಎಷ್ಟೋ ವರ್ಷಗಳಿಂದ ಬಾಗಿಲ ಬಳಿ ಕಾದಿದ್ದ ಅತಿಥಿ ಒಳಗೆ ಬಂದು ಕೂತ ಹಾಗೆ. 'ವೈರಸ್ ಕಂಡುಬಂದಿಲ್ಲ' ಎಂದು ಟೈಪು ಮಾಡಿದೆ. ಮೇಡಂ ಸಹಿ ಹಾಕಿದರು. ಮಗಳು ಬಂದು ರಿಪೋರ್ಟ್ ಇಸಿದುಕೊಂಡು, ಥ್ಯಾಂಕ್ಸ್ ಅಕ್ಕ ಎಂದು ಹೋದಳು.

ವೈರಸ್ಸಿನ ಔಷಧಿ ಅವರಿಗೆ ಸಿಗಲಿಲ್ಲ. ಶಿಲೀಂಧ್ರದ ಔಷಧಿಯೇ ಮುಂದುವರಿಯಿತು. ಒಂದು ಫೋನ್ ಸಾಕಿತ್ತು. ರಿಪೋರ್ಟ್ ತಪ್ಪಾಗಿದೆ, ಇನ್ನೊಮ್ಮೆ ನೋಡಿದೆ ಎಂದಿದ್ದರೆ ಯಾರೂ ನನ್ನನ್ನು ಬೈಯುತ್ತಿರಲಿಲ್ಲ. ದಿನಾ ಬೆಳಿಗ್ಗೆ ಫೋನಿನ ಪಕ್ಕದಲ್ಲೇ ಕೂತೆ, ಮಾಡಲಿಲ್ಲ. ವಾರಗಳು ಕಳೆದವು. ಕಣ್ಣು ದಿನೇ ದಿನೇ ಕೆಡುತ್ತಿದ್ದುದನ್ನು ಕಂಡು ವೈದ್ಯರು ಮತ್ತೊಂದು ಸ್ಯಾಂಪಲ್ ಕಳಿಸಿದಾಗ ನಾನು ರಜೆಯಲ್ಲಿದ್ದೆ. ನನ್ನ ಸಹೋದ್ಯೋಗಿ ಮಾಡಿದಳು, ವೈರಸ್ ಸಿಕ್ಕಿತು. ಮೊದಲ ಸಲ ಕೆರೆದದ್ದು ಸಾಲದೇ ಹೋಗಿರಬೇಕು ಎಂದು ಕಣ್ಣಿನ ವೈದ್ಯರೇ ನಮ್ಮ ಮೇಡಂಗೆ ಸಮಾಧಾನ ಹೇಳಿದರಂತೆ. ನಾನು ಸುಮ್ಮನೆ ತಲೆಯಾಡಿಸಿದೆ. ಔಷಧಿ ಶುರುವಾಯಿತು. ಆದರೆ ಕಣ್ಣಿನ ನಡುವೆ ಕಲೆ ಕೂತಾಗಿತ್ತು.

ಅವ್ವನಿಗೆ ಹೇಳಿದೆ. ಅವಳು ಹೌಹಾರುತ್ತಾಳೆ, ನನ್ನನ್ನು ಶಪಿಸುತ್ತಾಳೆ ಎಂದುಕೊಂಡಿದ್ದೆ. ಅವಳು ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿ, "ಒಳ್ಳೇದಾಯ್ತು ಬುಡು," ಎಂದಳು. ಮರುದಿನ ಸಂಜೆ ಮತ್ತೆ ಹೇಳು ಎಂದಳು. ಆಮೇಲೆ ದಿನಾ ಸಂಜೆ. ಕಪ್ಪು ಕನ್ನಡಕ ಹಾಕಿದ್ನಾ, ಕಣ್ಣಿಂದ ನೀರು ಸುರೀತಿತ್ತಾ, ಮಗಳು ಕೈ ಹಿಡ್ಕೊಂಡಿದ್ಲಾ — ಮಗುವಿಗೆ ಕಥೆ ಹೇಳಿದಂತೆ ನಾನು ಹೇಳುತ್ತಿದ್ದೆ, ಅವಳು ಒಂದೇ ಕಣ್ಣರಳಿಸಿ ಕೇಳುತ್ತಿದ್ದಳು. ಯಾರಿಗೂ ಕೇಡು ಬಯಸದಿದ್ದ ನನ್ನವ್ವ. ಅವಳ ಮುಖದಲ್ಲಿ ಆಗ ಕಂಡದ್ದನ್ನು... ಬೇಡ. ಅದನ್ನು ಅಲ್ಲಿಗೆ ತಂದಿಟ್ಟವಳು ನಾನೇ.

ಒಂದು ಭಾನುವಾರ ಹೊಳೆನರಸೀಪುರದ ಬಸ್ಸು ಹತ್ತಿದೆ. ತಪ್ಪೊಪ್ಪಿಕೊಳ್ಳಲು ಅಲ್ಲ. ಆ ಕಣ್ಣನ್ನು ನನ್ನ ಕಣ್ಣಾರೆ ನೋಡಬೇಕಿತ್ತು. ಅಂಗಡಿಯಲ್ಲಿ ಅವರು ಸ್ಟೂಲಿನ ಮೇಲಿದ್ದರು. ಮಗಳು ಮಾತ್ರೆಗಳ ಹೆಸರು ಓದಿ ಓದಿ ಗಿರಾಕಿಗಳಿಗೆ ಕೊಡುತ್ತಿದ್ದಳು. ಬಲಗಣ್ಣು ಸುಣ್ಣ ಹಚ್ಚಿದ ಹಾಗಿತ್ತು. ನಾನು ಎದುರಿಗೆ ನಿಂತು ತೃಪ್ತಿಯಾಗುವಷ್ಟು ನೋಡಿದೆ. ತೃಪ್ತಿಯೂ ಆಯಿತು, ಸುಳ್ಳು ಹೇಳುವುದಿಲ್ಲ.

ಆಗ ಒಬ್ಬ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಬಂದು, ಕೆಂಪಾಗಿದೆ, ಏನಾದರೂ ಡ್ರಾಪ್ಸ್ ಕೊಡಿ ಡಾಕ್ಟ್ರೇ ಎಂದಳು. ನಾಗೇಂದ್ರಪ್ಪ ಕೈ ಅಡ್ಡ ಆಡಿಸಿದರು.

"ನಾನ್ ಕೊಡಾಕಿಲ್ಲ ಕಣವ್ವ. ಆಸನಕ್ಕೋಗಿ ಟೆಸ್ಟ್ ಮಾಡುಸ್ಕೊ. ಅವ್ರೇಳ್ದಂಗೆ ಕೇಳು."

ನಮ್ಮ ಲ್ಯಾಬಿನ ಹೆಸರನ್ನೇ ಹೇಳಿದರು. ದಾರಿಯನ್ನೂ ಹೇಳಿದರು.

ಹೆಂಗಸು ಹೋದ ಮೇಲೆ ಎಲ್ಲವನ್ನೂ ಹೇಳಿದೆ — ಅವ್ವ ಯಾರು, ನಾನು ಯಾರು, ಆ ರಿಪೋರ್ಟ್ ಎಂಥದ್ದು. ಅವರು ಅವ್ವನನ್ನು ನೆನಪು ಮಾಡಿಕೊಳ್ಳಲು ನೋಡಿದರು, ಆಗಲಿಲ್ಲ. ಅದು ಅವರ ಮುಖದಲ್ಲೇ ಕಾಣುತ್ತಿತ್ತು. ನಮ್ಮಿಬ್ಬರ ಜೀವನವನ್ನೇ ತುಂಬಿಕೊಂಡಿದ್ದ ಆ ದಿನ ಅವರಿಗೆ ನೆನಪೇ ಇರಲಿಲ್ಲ.

ಕೊನೆಗೆ, "ನಂಗೊತ್ತಿರ್ಲಿಲ್ಲ ಕಣವ್ವ," ಎಂದರು. "ನಿಂಗೊತ್ತಿತ್ತು."

ಗೊತ್ತಿರಬೇಕಿತ್ತು ನಿಮಗೆ, ಗೊತ್ತಿಲ್ಲದವರು ಕೊಡಬಾರದಿತ್ತು, ಕೊಟ್ಟ ಮೇಲೆ ಜನರನ್ನು ನಗಿಸಬಾರದಿತ್ತು — ಇಷ್ಟೂ ನನ್ನ ಬಾಯಿಯವರೆಗೆ ಬಂದು ನಿಂತಿತು. ಇವತ್ತಿಗೂ ಅದರಲ್ಲಿ ಒಂದು ಮಾತೂ ಸುಳ್ಳಲ್ಲ. ಆದರೂ ಅವರು ಹೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ. ಮಗಳು ಮಾತ್ರೆಯ ಡಬ್ಬವನ್ನು ಕೆಳಗಿಟ್ಟು ನನ್ನ ಹತ್ತಿರ ಬಂದಳು. ಕೂಗಾಡಲಿಲ್ಲ. "ನಮ್ಮಪ್ಪ ಬುಟ್ರೂ ನಾನ್ ಬುಡಾಕಿಲ್ಲ ಅಕ್ಕ," ಎಂದಳು. ಇನ್ನೂ ಅಕ್ಕ ಎಂದೇ ಕರೆದಳು.

ಸೋಮವಾರ ಮೇಡಂ ಮುಂದೆ ಹೇಳಿದೆ. ಅವರು ನನ್ನನ್ನು ಕೆಲಸದಿಂದ ತೆಗೆದರು, ಅದು ಸಣ್ಣದು. ನಾನು ಮುಟ್ಟಿದ್ದ ರಿಪೋರ್ಟುಗಳನ್ನೆಲ್ಲ ಮತ್ತೆ ಪರೀಕ್ಷಿಸಬೇಕಾಯಿತು. ಅರಕಲಗೂಡಿನಿಂದ, ಚನ್ನರಾಯಪಟ್ಟಣದಿಂದ, ಎಲ್ಲೆಲ್ಲಿಂದಲೋ ಜನ ಫೋನ್ ಮಾಡಿ, ನಮ್ಮ ರಿಪೋರ್ಟ್ ನಿಜಾನಾ ಎಂದು ಕೇಳಿದರಂತೆ. ನಿಯತ್ತಾಗಿ ಮಾಡಿದ ಕೆಲಸವನ್ನೂ ನಾನು ಸುಳ್ಳಿನ ಪಕ್ಕದಲ್ಲಿ ನಿಲ್ಲಿಸಿದ್ದೆ.

ಅವ್ವ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಮಾಡಿದ್ದಕ್ಕಲ್ಲ, ಹೋಗಿ ಹೇಳಿದ್ದಕ್ಕೆ. ಸಂಜೆ ಅವಳ ಪಕ್ಕದಲ್ಲಿ ಕೂತರೆ ಗೋಡೆಯ ಕಡೆ ತಿರುಗುತ್ತಾಳೆ.

ನಾಗೇಂದ್ರಪ್ಪನವರನ್ನು ನಾನು ಕ್ಷಮಿಸಿಲ್ಲ. ಅವರಿಂದ ಕ್ಷಮೆಯನ್ನೂ ಕೇಳಿಲ್ಲ, ಕೇಳುವ ಯೋಗ್ಯತೆ ಇಲ್ಲ. ಮಗಳು ಪೊಲೀಸರಿಗೆ ದೂರು ಕೊಟ್ಟಿದ್ದಾಳೆ. ಕರೆ ಬಂದಿದೆ, ನಾಳೆ ಹೋಗಬೇಕು. ಪರಿಚಯದ ವಕೀಲರೊಬ್ಬರು, ಯಂತ್ರದ ದೋಷ ಎಂದು ಹೇಳಿಬಿಡಿ, ಯಾರಿಗೂ ಸಾಬೀತು ಮಾಡಲಾಗದು ಎಂದರು. ಯಂತ್ರ ಸರಿಯಾಗಿತ್ತು. ನಾಳೆ ಪೊಲೀಸರು ಕೇಳುವ ಮೊದಲೇ ಅದನ್ನು ಹೇಳುತ್ತೇನೆ.